ತೊಟ್ಟಿಲ ಪಕ್ಕದ ‘ದೀ’

ಮಗಳಿಗೆ ಎಷ್ಟೋ ವರ್ಷ ಕಾದು ಹುಟ್ಟಿದ ಹೆಣ್ಣುಮಗು. ಪರದೇಶದ ಕ್ಯಾರಿ ಎಂಬ ಊರಿನ ಅವಳ ಮನೆಯಲ್ಲಿ ಅದನ್ನು ತೊಟ್ಟಿಲಿಗೆ ಹಾಕುವ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಷ್ಟು ಸಂತೋಷದ ನಡುವೆ ತಲೆ ಕೆಡಿಸಿದ್ದು ಒಂದು ಬಾಟಲಿ.

ಸಂಜೆ ಸ್ನೇಹಿತರ ಜೊತೆ ತೆಗೆಯಲು ತಂದ ವೈನನ್ನು ಅಳಿಯಂದಿರು, ಫೋಟೋದಲ್ಲಿ ಬರಲೆಂದು, ತೊಟ್ಟಿಲ ಪಕ್ಕದಲ್ಲೇ ಇಟ್ಟರು. ಕುಡಿಯುವವರು ಕುಡಿಯಲಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಅದರ ಮೇಲಿನ ಅಕ್ಷರ ಓದಿಬಿಟ್ಟೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು ಇಲ್ಲಿ ಲೈಬ್ರರಿಯ ಇಂಗ್ಲಿಷ್ ಕ್ಲಾಸಿಗೆ ಸೇರಿಸಿದವಳು ಮಗಳೇ. ಪೈ, ಟೈ, ಲೈ, ಡೈ ಎಂಬ ಸಾಲು ಆಗಷ್ಟೇ ಬಾಯಿಪಾಠವಾಗಿತ್ತು. ಬಾಟಲಿಯ ಮೇಲೆ ದಪ್ಪಗೆ ಬರೆದಿತ್ತು: ಡಿ, ಐ, ಇ. ಡೈ. ಸಾಯಿ ಅಂತ, ತೊಟ್ಟಿಲ ಪಕ್ಕದಲ್ಲಿ.

“ಅದು ಡೈ ಅಲ್ಲಮ್ಮ, ದೀ. ಫ್ರಾನ್ಸಲ್ಲಿ ಒಂದು ಊರು,” ಎಂದಳು ಮಗಳು.

“ಹಾಗಾದ್ರೆ ಕ್ಲಾಸಲ್ಲಿ ಕಲಿಸಿದ್ದು ಸುಳ್ಳಾ?”

ಅಳಿಯಂದಿರು ಶುರುಮಾಡಿದರು. ಬೆಟ್ಟಗಳ ನಡುವಿನ ಸಣ್ಣ ಊರಂತೆ, ಹೆಚ್ಚು ಜನಕ್ಕೆ ಗೊತ್ತೇ ಇಲ್ಲವಂತೆ. ಶಾಂಪೇನ್ ಎಲ್ಲರೂ ತರುತ್ತಾರೆ, ಇದನ್ನು ಹುಡುಕಿ ತಂದದ್ದಂತೆ. ಘಮಘಮಿಸುವ ದ್ರಾಕ್ಷಿಯಂತೆ, ಸಕ್ಕರೆ ಬೆರೆಸುವುದಿಲ್ಲವಂತೆ, ದ್ರಾಕ್ಷಿಯ ಸಿಹಿಯೇ ಬಾಟಲಿಯೊಳಗೆ ಹುದುಗು ಬಂದು ಗುಳ್ಳೆ ಏಳುವುದಂತೆ. ದಿನಾ ದೋಸೆ ಹಿಟ್ಟಿಗೆ ಹುದುಗು ಬರಿಸುವವಳಿಗೆ ಗುಳ್ಳೆಯ ಪಾಠ. ನಾನು ಕೇಳಿದ್ದು ಗುಳ್ಳೆಯ ವಿಷಯವೇ ಅಲ್ಲ.

ಬಾಟಲಿಯನ್ನು ಅಡುಗೆಮನೆಗೆ ಒಯ್ದಿಟ್ಟೆ. ಅವರು ಮತ್ತೆ ತಂದರು. ಗೋಡೆಯ ಕಡೆ ತಿರುಗಿಸಿದೆ. ಫೋಟೋ ತೆಗೆಯಲು ಬಂದ ಅವರ ಗೆಳೆಯ, ಲೇಬಲ್ ಕಾಣ್ತಿಲ್ಲ ಆಂಟಿ ಎಂದು ಇತ್ತ ತಿರುಗಿಸಿದ. ಇವರ ಜೊತೆ ಏಗುವುದು ಹೇಗೆ?

“ಅತ್ತೆ, ದೀಪದ ದೀ ಅಂದ್ಕೊಳ್ಳಿ,” ಎಂದರು ಅಳಿಯಂದಿರು, ಸಾಕಾಗಿ.

“ನಾನು ಅಂದ್ಕೊಂಡ್ರೆ ಆಯ್ತಾ? ನಾಳೆ ಮಗು ಈ ಫೋಟೋ ನೋಡಿದ್ರೆ ಏನಂತ ಓದತ್ತೆ? ಅದಕ್ಕೆ ಬರೋದು ಫ್ರೆಂಚೋ, ಇಂಗ್ಲಿಷೋ?”

ಹುಳಿಪುಡಿಯ ಡಬ್ಬಿಗೆ ಹೆಸರು ಬರೆದು ಅಂಟಿಸುವ ಟೇಪು ತಂದೆ. ಕನ್ನಡದಲ್ಲಿ ‘ದೀಪ’ ಎಂದು ಬರೆದು ಆ ಮೂರು ಅಕ್ಷರದ ಮೇಲೆ ಒತ್ತಿ ಅಂಟಿಸಿದೆ. ಫೋಟೋ ಆಯಿತು.

ಸಂಜೆ ಬಿರಡೆ ತೆಗೆದ ಸದ್ದಿಗೆ ಮಗು ಬೆಚ್ಚಿ ಎದ್ದು ಕಿರುಚಿತು. ಆಗ ತಾನೇ ಮಲಗಿಸಿ ಸೊಂಟ ನೆಟ್ಟಗೆ ಮಾಡಿದ್ದೆ. ಬೈದುಕೊಂಡೇ ಎತ್ತಿಕೊಂಡೆ. ಅಬ್ಬಾ, ಏನು ಗಂಟಲು, ಪಕ್ಕದ ಮನೆಗೂ ಕೇಳುವಷ್ಟು. ಇಷ್ಟು ಜೋರಾಗಿ ಅಳುವವಳನ್ನು ಆ ಮೂರು ಅಕ್ಷರ ಏನು ಮಾಡೀತು?

ಆದರೂ ಟೇಪು ಕೀಳಲು ಯಾರಿಗೂ ಬಿಡಲಿಲ್ಲ.