ಹಚ್ಚೆ ಅಳಿಸದ ಫೋಟೊ ಅಕ್ಕ

ಬೆಳಗಿನ ಆರೂವರೆ. ಬೀದಿಯ ಅಂಗಡಿಗಳೆಲ್ಲ ಇನ್ನೂ ಷಟರ್ ಎಳೆದುಕೊಂಡೇ ಇವೆ. ಮೊದಲ ಮಹಡಿಯ ಸಣ್ಣ ಸ್ಟುಡಿಯೊದಲ್ಲಿ ಮಾತ್ರ ಕಿಟಕಿ ತೆರೆದಿದೆ. ದೀಪಗಳನ್ನು ಆರಿಸಿ, ಎಳೆಬಿಸಿಲು ಸ್ಟೂಲಿನ ಮೇಲೆ ಬೀಳುವುದನ್ನೇ ಕಾಯುತ್ತಾ ನಿಂತಿದ್ದಾರೆ ಐವತ್ತೆಂಟರ ಫೋಟೊ ಅಕ್ಕ. ಎದುರಿಗೆ ಕೂತ ಬೇಕರಿ ಕೆಲಸದ ಹೆಂಗಸು ಬಲಗೈಯನ್ನು ಮಡಿಲಲ್ಲಿ ಅಡಗಿಸಿಕೊಂಡಿದ್ದಾಳೆ.

"ಕೈ ಯಾಕಮ್ಮ ಬಚ್ಚಿಡ್ತೀಯಾ? ಅದೂ ನಿಂದೇ ತಾನೇ?"

ಆಕೆ ನಕ್ಕು ಕೈ ಚಾಚುತ್ತಾಳೆ. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆ. ಅದರ ಮೇಲೇ ಹಬ್ಬಿದ ಹಚ್ಚೆಯ ಬಳ್ಳಿ. "ಕಲೆ ಒಲೆ ಕೊಟ್ಟಿದ್ದು, ಬಳ್ಳಿ ನಾನೇ ಹಾಕಿಸ್ಕೊಂಡಿದ್ದು," ಎನ್ನುತ್ತಾಳೆ. ಅಕ್ಕ ಕ್ಲಿಕ್ಕಿಸುತ್ತಾರೆ.

ಹಗಲೆಲ್ಲ ಅಕ್ಕನದು ಪಾಸ್‌ಪೋರ್ಟ್ ಅಳತೆಯ ಫೋಟೊ ಕೆಲಸ. ದಿನಕ್ಕೆ ಮೂವತ್ತು, ನಲವತ್ತು ಮುಖ. ಅಪ್ಪ ತೀರಿಕೊಂಡಾಗ ಇಪ್ಪತ್ತರ ಹರೆಯದಲ್ಲೇ ಕ್ಯಾಮೆರಾ ಹಿಡಿದವರು. "ಹುಡುಗಿ ಫೋಟೊ ತೆಗೀತಾಳಂತೆ ಅಂತ ಜನ ಮೆಟ್ಟಿಲಿಂದಲೇ ವಾಪಸ್ ಹೋಗ್ತಿದ್ರು." ಮೊಡವೆ, ಮಚ್ಚೆ, ಕಣ್ಣ ಕೆಳಗಿನ ಕಪ್ಪು ಅಳಿಸುವುದರಲ್ಲಿ ಅವರದು ಎತ್ತಿದ ಕೈ.

ಹನ್ನೊಂದು ವರ್ಷದ ಹಿಂದೆ, ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಲು ಒಬ್ಬಾತ ಫೋಟೊ ತೆಗೆಸಿಕೊಂಡ. ಕುತ್ತಿಗೆಯ ಮೇಲೊಂದು ಸೊಟ್ಟ ಮೀನಿನ ಹಚ್ಚೆ. ಜೈಲಿನಲ್ಲಿದ್ದಾಗ ಪುಟ್ಟ ಮಗಳು ಪತ್ರದಲ್ಲಿ ಬಿಡಿಸಿ ಕಳಿಸಿದ್ದನ್ನು ಜೊತೆಯವನೊಬ್ಬ ಸೂಜಿಯಲ್ಲಿ ಚುಚ್ಚಿದ್ದು. "ಅಳಿಸಿಬಿಡಿ ಅಕ್ಕ," ಎಂದ. ಅಳಿಸಿಕೊಟ್ಟರು. ಎರಡೇ ದಿನಕ್ಕೆ ಮುಖ ಚಿಕ್ಕದು ಮಾಡಿಕೊಂಡು ಮತ್ತೆ ಬಂದ. ಫೋಟೊಗೂ ಆಳಿಗೂ ತಾಳೆಯಾಗದೆ ಅರ್ಜಿ ವಾಪಸಾಗಿತ್ತು. ಏನೋ ಮುಚ್ಚಿಡುತ್ತಿದ್ದಾನೆಂಬ ಅನುಮಾನ ಬೇರೆ.

"ಅವನು ಬೈಲಿಲ್ಲ. ಬೈದಿದ್ರೆ ಎಷ್ಟೋ ವಾಸಿ."

ಮರುದಿನ ಬೆಳಿಗ್ಗೆಯೇ ಅವನನ್ನು ಕರೆಸಿ, ಕಾಲರ್ ಬಿಚ್ಚಿಸಿ, ಈ ಕಿಟಕಿಯ ಬೆಳಕಲ್ಲಿ ಇದ್ದದ್ದು ಇದ್ದಂತೆ ತೆಗೆದರು. ಆ ಕೆಲಸ ಕೈತಪ್ಪಿತು. ಎರಡು ತಿಂಗಳ ನಂತರ ಇನ್ನೊಂದು ಕಡೆ, ಎಲ್ಲವನ್ನೂ ಹೇಳಿಯೇ, ಗಾಡಿ ಹತ್ತಿದ. ಅಕ್ಕನಿಗೆ ನೆನಪಿರುವುದು ಬೇರೆ. "ಮನೇಲೂ ಕಾಲರ್ ಎತ್ಕೊಂಡೇ ಓಡಾಡ್ತಿದ್ನಂತೆ. ಫೋಟೊ ನೋಡಿ ಮಗಳು, 'ಅಪ್ಪ, ಇದು ನನ್ ಮೀನು!' ಅಂದ್ಲಂತೆ."

ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ, ಈವರೆಗೆ ಹಚ್ಚೆಯಿರುವ ಇನ್ನೂರ ಹದಿನಾಲ್ಕು ಮಂದಿ ಬೆಳಗಿನ ಹೊತ್ತು ಈ ಸ್ಟೂಲಿನ ಮೇಲೆ ಕೂತೆದ್ದಿದ್ದಾರೆ. ಒಂದು ಪ್ರತಿ ಅವರಿಗೆ, ಇನ್ನೊಂದು ಸ್ಟುಡಿಯೊ ಗೋಡೆಗೆ. ಕಳೆದ ತಿಂಗಳು ಪ್ರದರ್ಶನ ಏರ್ಪಡಿಸುವವರೊಬ್ಬರು ಬಂದು ಮೆಚ್ಚಿಕೊಂಡರು. ಮುಖ ಕತ್ತರಿಸಿ ಹಚ್ಚೆಯಷ್ಟನ್ನೇ ಕೊಡಿ ಎಂದರು. ಅಕ್ಕ ಚಹಾ ಕೊಟ್ಟು ಕಳಿಸಿದರು.

"ಮುಖ ಬಿಟ್ಟು ಬರೀ ಡಿಸೈನ್ ತೋರ್ಸೋಕೆ ನಾನೇನು ಬಟ್ಟೆ ಅಂಗಡಿ ಇಟ್ಟಿದ್ದೀನಾ? ಅವರ ಗೋಡೆ ದೊಡ್ಡದಿರಬಹುದು. ನನ್ ಗೋಡೇಲಿ ಇಡೀ ಮನುಷ್ಯರಿದ್ದಾರೆ."