ವೈಂಡಿಂಗ್ ಅಕ್ಕನ ಮೇಜಿನ ಮೇಲೆ ಐದು ಗುಂಡಿಯ ಗಿಟಾರ್

ಬೆಳಿಗ್ಗೆ ಆರೂಕಾಲು. ಮೂರು ಮಹಡಿಯ ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿರುವ ಅಂಗಡಿಯ ಶಟರ್ ಅರ್ಧ ಮಾತ್ರ ಮೇಲೆ ಹೋಗಿದೆ. ಒಳಗೆ ರಿಪೇರಿಗೆ ಬಂದ ಹದಿನಾಲ್ಕು ಫ್ಯಾನುಗಳಿವೆ. ಒಂದೂ ತಿರುಗುತ್ತಿಲ್ಲ, ತಿರುಗಲೂಬಾರದು. ಮೇಜಿನ ಮುಂದೆ ಕುಳಿತ ಹೆಂಗಸು ಒಂದು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿಕೊಂಡು, ತಲೆಗೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಒಂದು ಸುರುಳಿಯಿಂದ ಬಿಚ್ಚಿ, ಖಾಲಿ ದಾರದ ರೀಲಿಗೆ ಸುತ್ತುತ್ತಿದ್ದಾರೆ. ಜೋರಾಗಿ ಉಸಿರುಬಿಟ್ಟರೆ ತಂತಿ ಹಾರುತ್ತದೆ, ತುಸು ಎಳೆದರೆ ತುಂಡಾಗುತ್ತದೆ.

"ನೂರಾ ಎಪ್ಪತ್ತೊಂದು," ಎನ್ನುತ್ತಾರೆ ಅವರು. ಯಾರಿಗೂ ಹೇಳಿದ್ದಲ್ಲ.

"ಈಗ ಮಾತಾಡಿಸ್ಬೇಡಿ," ಎಂದು ಬಾಗಿಲಲ್ಲಿ ಕುಳಿತ ಅವರ ನಾದಿನಿ, ಇವರ ಬಗ್ಗೆ ಬರೆಯಲು ಬಂದ ನನಗೆ ಪಿಸುಗುಡುತ್ತಾರೆ. "ಲೆಕ್ಕ ತಪ್ಪಿದ್ರೆ ನಮ್ಮ ಅತ್ತಿಗೆ ಮಧ್ಯಾಹ್ನ ಊಟ ಬಿಡ್ತಾರೆ. ಅವರು ಬಿಟ್ರೆ ಬಿಡ್ಲಿ, ನನಗೂ ಹಾಕಲ್ಲ."

ಬೀದಿಯವರಿಗೆಲ್ಲ ಇವರು ವೈಂಡಿಂಗ್ ಅಕ್ಕ. ವಯಸ್ಸು ಐವತ್ತನಾಲ್ಕು. ಸುಟ್ಟ ಮೋಟರುಗಳ ತಂತಿ ಕಿತ್ತು ಹೊಸದು ಸುತ್ತುವುದು ಅವರ ಕಸುಬು. ದಿನಕ್ಕೆ ಆರೇಳು ಫ್ಯಾನ್, ಒಂದೆರಡು ಹೊಲಿಗೆ ಯಂತ್ರದ ಮೋಟರ್, ವಾರಕ್ಕೊಂದು ನೀರಿನ ಪಂಪು. ಇವುಗಳ ನಡುವೆ ತಿಂಗಳಿಗೆ ಒಂದೋ ಎರಡೋ ಹಳೆಯ ಎಲೆಕ್ಟ್ರಿಕ್ ಗಿಟಾರ್ ಬರುತ್ತವೆ. ಅವುಗಳನ್ನು ಬೆಳಗಿನ ಈ ಎರಡು ಗಂಟೆಯಲ್ಲೇ ಮುಟ್ಟುತ್ತಾರೆ. ಎಂಟಕ್ಕೆ ಪಕ್ಕದ ವೆಲ್ಡಿಂಗ್ ಶಾಪು ಶುರುವಾದರೆ ಮೇಜು ನಡುಗುತ್ತದೆ. ಅದಕ್ಕಿಂತ ಮುಖ್ಯ ಕಾರಣ ಬೆಳಕು. ಈ ಹೊತ್ತಿನಲ್ಲಿ ಬಿಸಿಲು ಶಟರಿನ ಕೆಳಗಿಂದ ಓರೆಯಾಗಿ ಒಳಗೆ ಬರುತ್ತದೆ. ತಂತಿ ಕಣ್ಣಿಗೆ ಕಾಣುವುದಿಲ್ಲ, ಅದರ ಹೊಳಪು ಮಾತ್ರ ಕಾಣುತ್ತದೆ.

ಈಗ ಮೇಜಿನ ಮೇಲಿರುವ ಗಿಟಾರು ನೋಡಿದವರು ನಗುವಂಥದ್ದು. ಅರವತ್ತು ವರ್ಷ ಹಳೆಯದು. ಎದೆಗೆ ತೂಗುಹಾಕಿಕೊಂಡು ಹಾರ್ಮೋನಿಯಂನಂತೆ ನುಡಿಸುವ ಅಕಾರ್ಡಿಯನ್ ವಾದ್ಯ ಮಾಡುತ್ತಿದ್ದ ಕಾರ್ಖಾನೆಯೊಂದು, ವ್ಯಾಪಾರ ಬಿದ್ದುಹೋದಾಗ ಗೋದಾಮಿನಲ್ಲಿ ಉಳಿದ ಸಾಮಾನನ್ನೇ ಬಳಸಿ ಮಾಡಿದ್ದಂತೆ. ಹಾಗಾಗಿ ಮೈಗೆ ಬಣ್ಣವಿಲ್ಲ. ಮುತ್ತಿನ ಚಿಪ್ಪಿನಂತೆ ಹೊಳೆಯುವ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದಾರೆ. ಹಳೆಯ ರೇಡಿಯೋದ ಹಾಗೆ ಐದು ದಪ್ಪ ಗುಂಡಿಗಳಿವೆ. ತಂತಿಗಳ ಕೆಳಗೆ ನಾಲ್ಕು ಪಿಕಪ್. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತಂತಿ ಸುತ್ತಿದ ಡಬ್ಬಿ. ಎಲೆಕ್ಟ್ರಿಕ್ ಗಿಟಾರಿನ ಕಿವಿ ಅದೇ. ಇಲ್ಲಿ ಒಂದೊಂದು ಕಿವಿಗೂ ಒಂದೊಂದು ಗುಂಡಿ, ಐದನೆಯದು ಒತ್ತಿದರೆ ನಾಲ್ಕೂ ಒಟ್ಟಿಗೆ.

ಮೂರನೆಯ ಪಿಕಪ್ ಸತ್ತಿದೆ. ಒಳಗೆಲ್ಲೋ ತಂತಿ ತುಂಡಾಗಿದೆ. ಅದು ಹೊರಸುತ್ತಿನಲ್ಲಿದ್ದರೆ ಹುಡುಕಿ ಬೆಸೆಯಬಹುದು. ತೀರ ಒಳಗಿದ್ದರೆ ಇಡೀ ಸುರುಳಿ ಕೈಬಿಟ್ಟಂತೆ. ಎಲ್ಲಿದೆ ಎಂದು ಮೊದಲೇ ತಿಳಿಯುವ ದಾರಿಯಿಲ್ಲ. ಈ ಹುಡುಕಾಟಕ್ಕೆ ಇದು ಮೂರನೆಯ ಬೆಳಗು.

ಗಿಟಾರಿನ ಒಡೆಯರು ಅರವತ್ತೆಂಟು ವರ್ಷದ ನಿವೃತ್ತ ಪೋಸ್ಟ್‌ಮ್ಯಾನ್. ಎಲ್ಲರಿಗೂ ಪೋಸ್ಟ್ ಮಾಮ. ಅಂಚೆ ನೌಕರರ ವಾದ್ಯವೃಂದದಲ್ಲಿ ಮೂವತ್ತು ವರ್ಷದಿಂದ ಇದೇ ಗಿಟಾರು ನುಡಿಸುತ್ತಿದ್ದಾರೆ. ಇನ್ನು ಹತ್ತು ದಿನಕ್ಕೆ ವೃಂದದ ವಾರ್ಷಿಕೋತ್ಸವ. ಪೇಟೆಯ ದೊಡ್ಡ ಅಂಗಡಿಯಲ್ಲಿ ಅವರಿಗೆ ಸಿಕ್ಕಿದ ಸಲಹೆ ಸರಳವಾದದ್ದು: ನಾಲ್ಕೂ ಪಿಕಪ್ ಕಿತ್ತು ಹೊಸದು ಹಾಕಿ, ಬಿರುಕು ಬಿಟ್ಟ ಪ್ಲಾಸ್ಟಿಕ್ ಕೆರೆದು ಕೆಂಪು ಬಣ್ಣ ಹೊಡೆಸಿ. ಅವರೂ ಅರ್ಧ ಒಪ್ಪಿಕೊಂಡೇ ಇಲ್ಲಿಗೆ ಬಂದಿದ್ದರು.

"ಬಣ್ಣ ಹೊಡೆಸಿದ್ರೆ ಹೊಸದರ ಹಾಗೆ ಕಾಣುತ್ತಂತಮ್ಮ," ಎಂದಿದ್ದರಂತೆ.

ಉತ್ತರ ಕೊಟ್ಟದ್ದು ನಾದಿನಿ. "ಹಾಗಿದ್ರೆ ನಿಮ್ಮ ಮುಖಕ್ಕೂ ಒಂದು ಕೋಟ್ ಹೊಡೆಸಿಬಿಡಿ ಮಾಮ. ಡಬ್ಬದಲ್ಲಿ ಹೇಗೂ ಉಳಿಯುತ್ತೆ."

ಅಕ್ಕನ ಕೆಲಸದ ರೀತಿ ನೋಡಿದರೆ ರಿಪೇರಿ ಎಂಬ ಮಾತು ಒಗ್ಗುವುದಿಲ್ಲ. ಒಂದು ರಟ್ಟಿನ ಮೇಲೆ ಪೆನ್ಸಿಲಿನಿಂದ ಗಿಟಾರಿನ ಚಿತ್ರ ಬರೆದು, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಅದದರ ಜಾಗದಲ್ಲೇ ಚುಚ್ಚಿಟ್ಟಿದ್ದಾರೆ. ಮೂವತ್ತೆಂಟು ಸ್ಕ್ರೂ. ಎಲ್ಲ ಒಂದೇ ಅಳತೆ, ಆದರೂ ಯಾವುದು ಯಾವ ತೂತಿನಿಂದ ಬಂತೋ ಅಲ್ಲಿಗೇ ಹೋಗಬೇಕು. ತುಕ್ಕನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತಾರೆ, ಉಜ್ಜುವುದಿಲ್ಲ. ಮೇಲೆದ್ದ ಪ್ಲಾಸ್ಟಿಕ್ ಅಂಚನ್ನು ಅಂಟಿಸಿದ್ದಾರೆ, ಬಿರುಕನ್ನು ಮುಚ್ಚಿಲ್ಲ. ಮೂವತ್ತು ವರ್ಷ ಪೋಸ್ಟ್ ಮಾಮನ ಮೊಣಕೈ ಉಜ್ಜಿ ಮಂಕಾದ ಜಾಗವನ್ನು ಮುಟ್ಟಿಯೇ ಇಲ್ಲ.

"ನಾನು ಹಾಕಿದ್ದನ್ನ ನಾಳೆ ಇನ್ಯಾರೋ ತೆಗೀಬೇಕು ಅಂದ್ರೆ, ಗಾಯ ಆಗದ ಹಾಗೆ ತೆಗೆಯೋಕೆ ಬರಬೇಕು. ನನಗೆ ಗೊತ್ತಿರೋದು ಅಷ್ಟೇ," ಎನ್ನುತ್ತಾರೆ.

ಈ ವಿದ್ಯೆ ಕಲಿಸಿದ್ದು ಮಾವ. ಅಂಗಡಿ ಅವರದ್ದೇ. ಮಗನನ್ನು, ಅಂದರೆ ಅಕ್ಕನ ಗಂಡನನ್ನು, ಎರಡು ವರ್ಷ ಕೂರಿಸಿ ನೋಡಿದರು, ಆತ ದಿನಕ್ಕೆ ನಾಲ್ಕು ಸಲ ಎದ್ದು ಹೋಗುತ್ತಿದ್ದ. ಈಗ ಶಾಲೆಯ ವ್ಯಾನ್ ಓಡಿಸುತ್ತಾನೆ, ಸುಖವಾಗಿದ್ದಾನೆ. ಸೊಸೆ ಒಂದು ದಿನ ಊಟದ ಡಬ್ಬಿ ತಂದವರು, ಮಾವ ಕೈತೊಳೆದು ಬರುವಷ್ಟರಲ್ಲಿ ಬಿಟ್ಟುಹೋದ ಕಡೆಯಿಂದ ನಲವತ್ತು ಸುತ್ತು ಸುತ್ತಿಟ್ಟಿದ್ದರು. "ಮಗನಿಗಿಲ್ಲದ ಕೈ ಸೊಸೆಗೆ ಬಂದಿದೆ" ಎಂದು ಮಾವ ಬೀದಿಗೆಲ್ಲ ಹೇಳಿಕೊಂಡು ಬಂದರು. ಗಿರಾಕಿಗಳಿಗೆ ಅದು ಸುಲಭವಾಗಿ ಇಳಿಯಲಿಲ್ಲ. ಈಗಲೂ ಬಂದವರು "ಯಜಮಾನರಿಲ್ವಾ?" ಎನ್ನುತ್ತಾರೆ. ನಾದಿನಿ ತಲೆ ಎತ್ತದೆ ಹೇಳುತ್ತಾರೆ: "ಇದಾರಲ್ಲ, ಎದುರಿಗೇ ಕೂತಿದಾರೆ. ನಿಮಗೂ ಎರಡು ಕನ್ನಡಕ ಬೇಕಾ?"

ಮೂವತ್ತು ವರ್ಷದ ದುಡಿಮೆ ಮೈಮೇಲೆ ಕಾಣುತ್ತದೆ. ಸುರುಳಿಗೆ ಹಚ್ಚುವ ವಾರ್ನಿಷ್ ತಾಗಿ ತಾಗಿ ಬೆರಳ ತುದಿಗಳು ಸುಲಿದಿವೆ. ಕತ್ತು ಎಡಕ್ಕೆ ಪೂರ್ತಿ ತಿರುಗುವುದಿಲ್ಲ. ಎಡಗಡೆಯಿಂದ ಕರೆದರೆ ಅಕ್ಕ ಇಡೀ ಸ್ಟೂಲನ್ನೇ ತಿರುಗಿಸಿಕೊಂಡು ಮಾತಾಡುತ್ತಾರೆ.

ಆದರೆ ಅವರ ಮನಸ್ಸಿನಲ್ಲಿ ಕೂತಿರುವುದು ಕತ್ತು ನೋವಲ್ಲ. ಮಾವ ಕಲಿಸಿದ ಮೊದಲ ಪಾಠ: ಸುಟ್ಟ ಸುರುಳಿಯನ್ನು ನೋಡುತ್ತಾ ಕೂರಬೇಡ, ಉಳಿಯಿಟ್ಟು ಕಡಿ, ಬಿಸಾಕು, ಹೊಸದು ಸುತ್ತು. ಫ್ಯಾನಿಗೆ ಅದು ಸರಿಯಾದ ಪಾಠ. ಹತ್ತೊಂಬತ್ತು ವರ್ಷದ ಹಿಂದೆ ಮೊದಲ ಸಲ ಒಂದು ಗಿಟಾರು ಅಂಗಡಿಗೆ ಬಂತು. ಇದೇ ಗಿಟಾರು. ಎರಡನೆಯ ಪಿಕಪ್ ಸತ್ತಿತ್ತು. ಅಕ್ಕ ಉಳಿಯಿಟ್ಟು ಕಡಿದರು. ಸಂಜೆ ಕಸದ ಡಬ್ಬಿಗೆ ಸುರಿಯುವಾಗ ತುಂಡನ್ನು ಬೆಳಕಿಗೆ ಹಿಡಿದು ನೋಡಿದರೆ, ತಂತಿಗೆ ಏನೂ ಆಗಿರಲಿಲ್ಲ. ಹೊರಗಿನ ಬೆಸುಗೆ ಬಿಟ್ಟಿತ್ತು, ಅಷ್ಟೇ. ಎರಡು ನಿಮಿಷದ ಕೆಲಸ.

"ಅಷ್ಟು ಸಣ್ಣ ತಂತಿ ನಮ್ಮ ಹತ್ರ ಇರಲಿಲ್ಲ. ಇದ್ದದ್ರಲ್ಲೇ ಸುತ್ತಿ ಕೊಟ್ಟೆ. ಮಾಮ ಏನಾಗಿತ್ತು ಅಂತ ಕೇಳಿದ್ರು. ಸುಟ್ಟುಹೋಗಿತ್ತು ಅಂದೆ." ಅಕ್ಕ ರೀಲನ್ನು ಕೆಳಗಿಡುತ್ತಾರೆ. "ಸುಳ್ಳು ಹೇಳೋಕೆ ಒಂದು ಮಾತು ಸಾಕು. ನಿಜ ಹೇಳೋಕೆ ಇನ್ನೂ ಶುರುನೇ ಮಾಡಿಲ್ಲ."

"ಹೇಳ್ಬಿಡಿ ಅತ್ತಿಗೆ," ಎನ್ನುತ್ತಾರೆ ನಾದಿನಿ.

"ಹೇಳ್ತೀನಿ ಕಣೇ. ಮೊದಲು ಇದು ಬದುಕ್ಲಿ. ಇದೂ ಹೋದ್ರೆ ಯಾವ ಬಾಯಲ್ಲಿ ಹೇಳ್ಲಿ?"

ಇನ್ನೂರ ಹನ್ನೆರಡನೆಯ ಸುತ್ತಿನಲ್ಲಿ ಕೈ ನಿಲ್ಲುತ್ತದೆ. ಓರೆ ಬೆಳಕಿನಲ್ಲಿ ಒಂದು ಹಸಿರು ಚುಕ್ಕೆ, ಸಾಸಿವೆಯ ಕಾಲು ಭಾಗದಷ್ಟು. ತಾಮ್ರಕ್ಕೆ ಕಿಲುಬು ಹಿಡಿದ ಜಾಗ. ಬೆರಳು ತಾಗಿದ್ದೇ ಅಲ್ಲಿಗೆ ತಂತಿ ಕಳಚಿಕೊಳ್ಳುತ್ತದೆ. ಸುರುಳಿಯಲ್ಲಿ ಉಳಿದ ತುದಿಯನ್ನು ಹಿಡಿದು, ಒಳಗೆ ಕರೆಂಟ್ ಹರಿಯುತ್ತದೆಯೇ ಎಂದು ತೋರಿಸುವ ಮೀಟರಿನ ಕಡ್ಡಿ ತಾಗಿಸುತ್ತಾರೆ. ನಾದಿನಿ ಎದ್ದು ಮೇಜಿನ ಹತ್ತಿರ ಬಂದು ನಿಂತಿದ್ದಾರೆ. ಮೀಟರಿನ ಮುಳ್ಳು ಅಲುಗುತ್ತದೆ, ಮೇಲೆ ಹೋಗುತ್ತದೆ, ನಿಲ್ಲುತ್ತದೆ. ಒಳಗಿನ ಸಾವಿರಾರು ಸುತ್ತೂ ನೆಟ್ಟಗಿವೆ.

ಅಕ್ಕ ನಗುವುದಿಲ್ಲ. ಎರಡೂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಬೆಸುಗೆಯ ಕಡ್ಡಿ ಕಾಯಿಸುತ್ತಾರೆ. ಕಿಲುಬು ಹಿಡಿದ ಚೂರನ್ನು ಮಾತ್ರ ತೆಗೆದು ಎರಡು ತುದಿ ಸೇರಿಸುತ್ತಾರೆ. ಬಿಚ್ಚಿದ ಇನ್ನೂರ ಹನ್ನೆರಡು ಸುತ್ತನ್ನೂ ಅದೇ ದಿಕ್ಕಿಗೆ, ಅದೇ ಬಿಗಿಗೆ ಮತ್ತೆ ಸುತ್ತುತ್ತಾರೆ. ವೆಲ್ಡಿಂಗ್ ಶಾಪಿನವನು ಬಂದು ತನ್ನ ಶಟರ್ ಎತ್ತುವ ಹೊತ್ತಿಗೆ ಕೆಲಸ ಮುಗಿದಿದೆ.

ಶನಿವಾರ ಪೋಸ್ಟ್ ಮಾಮ ಬರುತ್ತಾರೆ. ಅಂಗಡಿಯಲ್ಲಿರುವ ಸಣ್ಣ ಸ್ಪೀಕರಿಗೆ ವೈರು ಸಿಕ್ಕಿಸಿ, ಮೂರನೆಯ ಗುಂಡಿ ಒತ್ತಿ ಒಂದು ತಂತಿ ಮೀಟುತ್ತಾರೆ. ದನಿ ಬರುತ್ತದೆ. ಇನ್ನೊಂದು ಮೀಟುತ್ತಾರೆ.

"ಅದೇ ದನಿ ಕಣಮ್ಮ! ಏನು ಮಾಡ್ದೆ?"

"ಏನೂ ಮಾಡ್ಲಿಲ್ಲ ಮಾಮ. ಅದನ್ನೇ ಹೇಳ್ಬೇಕು." ಅಕ್ಕ ಸ್ಟೂಲಿನಿಂದ ಏಳುತ್ತಾರೆ. "ಇದಕ್ಕೆ ಏನೂ ಮಾಡ್ಲಿಲ್ಲ, ಅದಕ್ಕೇ ಉಳೀತು. ಎರಡನೇದಕ್ಕೆ ಮಾಡ್ಬಿಟ್ಟೆ. ಅವತ್ತು ಅದು ಸುಟ್ಟಿರಲಿಲ್ಲ. ಬೆಸುಗೆ ಬಿಟ್ಟಿತ್ತು. ನಾನು ನೋಡದೆ ಕಡಿದೆ, ಆಮೇಲೆ ನಿಮ್ಗೆ ಸುಳ್ಳು ಹೇಳ್ದೆ."

ಪೋಸ್ಟ್ ಮಾಮ ಎರಡನೆಯ ಗುಂಡಿ ಒತ್ತುತ್ತಾರೆ. ಮೀಟುತ್ತಾರೆ. ದನಿ ಸಣ್ಣದು, ಚೂಪು. ಮೂರನೆಯದು ಒತ್ತುತ್ತಾರೆ, ದುಂಡಗೆ ಕೇಳಿಸುತ್ತದೆ. ಮತ್ತೆ ಎರಡನೆಯದು. ಒಬ್ಬ ಗಿರಾಕಿ ಫ್ಯಾನು ಹೊತ್ತು ಬಂದವನು ಬಾಗಿಲಲ್ಲೇ ನಿಲ್ಲುತ್ತಾನೆ.

"ನಾನು ನನ್ನ ಕೈನೇ ಬೈಕೊಂಡೆ," ಎನ್ನುತ್ತಾರೆ ಮಾಮ, ನಿಧಾನವಾಗಿ. "ನಿಧಾನದ ಹಾಡು ನಾನು ನುಡಿಸ್ತಿದ್ದದ್ದು ಎರಡನೇ ಗುಂಡೀಲೇ. ದನಿ ಕೆಟ್ಟಾಗ ಬೆರಳು ಗಡುಸಾಯ್ತು, ವಯಸ್ಸಾಯ್ತು ಅಂದ್ಕೊಂಡೆ. ನಿಧಾನದ ಹಾಡೆಲ್ಲ ಪಿಟೀಲಿನವನಿಗೆ ಬಿಟ್ಟುಕೊಟ್ಟೆ. ಹತ್ತೊಂಬತ್ತು ವರ್ಷ, ನಿಧಾನದ ಹಾಡು ಬಂದ್ರೆ ನಾನು ಕೈಕಟ್ಟಿ ಕೂತ್ಕೊಳ್ತೀನಿ. ಗೊತ್ತಾ ನಿನಗೆ?"

"ಗೊತ್ತಿರಲಿಲ್ಲ ಮಾಮ."

ಗಿಟಾರನ್ನು ಮೇಜಿನ ಮೇಲಿಟ್ಟು ಅವರು ಹೊರಗೆ ಹೋಗುತ್ತಾರೆ. ಎದುರಿನ ಅಂಗಡಿಯಲ್ಲಿ ಟೀ ತಗೊಂಡು, ಬೆನ್ನು ಹಾಕಿ ನಿಂತು ಕುಡಿಯುತ್ತಾರೆ. ಎರಡನೆಯ ಟೀಯನ್ನೂ ಹಾಗೇ ಕುಡಿಯುತ್ತಾರೆ. ಅಕ್ಕ ಗಿರಾಕಿ ತಂದ ಫ್ಯಾನನ್ನು ಬಿಚ್ಚಲು ಕೂತಿದ್ದಾರೆ. ಬಿಚ್ಚಿದ ಸ್ಕ್ರೂವನ್ನೇ ಮತ್ತೆ ಹಾಕುತ್ತಿದ್ದಾರೆ.

ಮಾಮ ವಾಪಸು ಬರಲು ಇಪ್ಪತ್ತು ನಿಮಿಷ ಹಿಡಿಯುತ್ತದೆ.

"ಈಗ ಎರಡನೇದನ್ನ ಏನು ಮಾಡೋಕಾಗುತ್ತೆ?"

"ಮೂರನೇದರ ತಂತಿ ಅಳತೆ ಸಿಕ್ಕಿದೆ. ಮೀಟರ್ ಎಷ್ಟು ತೋರಿಸುತ್ತೆ ಅನ್ನೋದೂ ಗೊತ್ತಾಯ್ತು. ಅದೇ ಥರದ ತಂತಿ ತರಿಸಿ ಮತ್ತೆ ಸುತ್ತಬಹುದು. ಹತ್ತಿರ ಬರುತ್ತೆ. ಅದೇ ಆಗಲ್ಲ."

"ಎಷ್ಟು ಹತ್ತಿರ?"

"ನಿಮಗೆ ಗೊತ್ತಾಗುತ್ತೆ. ಕೇಳೋಕೆ ಬಂದವರಿಗೆ ಗೊತ್ತಾಗಲ್ಲ."

ಮಾಮ ಗಿಟಾರನ್ನು ಚೀಲಕ್ಕೆ ಹಾಕುತ್ತಾರೆ. "ಕಾರ್ಯಕ್ರಮ ಮುಗೀಲಿ. ತಂದುಕೊಡ್ತೀನಿ, ಸುತ್ತು. ನನಗಿನ್ನೂ ಸಿಟ್ಟಿದೆ, ಹೋಗಿಲ್ಲ. ಆದ್ರೆ ಈ ಸಲದ ನಿಧಾನದ ಹಾಡು ನಂದೇ. ಮೂರನೇ ಗುಂಡೀಲಿ ನುಡಿಸ್ತೀನಿ. ಪಿಟೀಲಿನವನಿಗೆ ಇವತ್ತೇ ಹೇಳ್ಬೇಕು." ಬಾಗಿಲಲ್ಲಿ ತಿರುಗುತ್ತಾರೆ. "ಒಳಗೆ ಬರೆದಿಟ್ಟಿದೀಯಾ, ಯಾವುದು ಕಾರ್ಖಾನೆದು, ಯಾವುದು ನಿಂದು ಅಂತ?"

"ಎರಡೂ ಬರೆದಿದೀನಿ ಮಾಮ."

"ಕಡಿದದ್ದೂ?"

"ಕಡಿದದ್ದೂ."

ಮಾಮ ತಲೆಯಾಡಿಸಿ ಹೊರಡುತ್ತಾರೆ. ಗಿಟಾರಿನ ಹಿಂದಿನ ಮುಚ್ಚಳದೊಳಗೆ ಅಂಟಿಸಿದ ಆ ಚೀಟಿಯಲ್ಲಿ ನಾಲ್ಕು ಸಾಲಿದೆ: ಎರಡನೆಯದು ಹತ್ತೊಂಬತ್ತು ವರ್ಷದ ಹಿಂದೆ ತಪ್ಪಾಗಿ ಕಡಿದು ಹೊಸದಾಗಿ ಸುತ್ತಿದ್ದು. ಮೂರನೆಯದು ಕಾರ್ಖಾನೆಯದೇ, ಹೊರಗಿನಿಂದ ಇನ್ನೂರ ಹನ್ನೆರಡನೆಯ ಸುತ್ತಿನಲ್ಲಿ ಒಂದು ಬೆಸುಗೆ. ಉಳಿದೆರಡನ್ನು ಮುಟ್ಟಿಲ್ಲ. ವೈಂಡಿಂಗ್ ಅಂಗಡಿ, ಮೆಟ್ಟಿಲ ಕೆಳಗೆ.

ಮನಸ್ಸು ಹಗುರಾಯಿತೇ ಎಂದು ನಾನು ಕೇಳಿದರೆ ಅಕ್ಕ ಸ್ಟೂಲು ತಿರುಗಿಸಿಕೊಳ್ಳುತ್ತಾರೆ. "ಹಗುರ ಗಿಗುರ ಏನಿಲ್ಲ. ಅವರ ಹತ್ತೊಂಬತ್ತು ವರ್ಷ ನಾನು ಎಲ್ಲಿಂದ ಸುತ್ತಿ ಕೊಡ್ಲಿ?"

ಹಾಗಾದರೆ ಇನ್ನೇನು ಬೇಕು ಎಂದು ಕೇಳುತ್ತೇನೆ.

ಫ್ಯಾನಿನ ಸ್ಕ್ರೂ ಈ ಸಲ ಸರಿಯಾಗಿ ಹೊರಗೆ ಬರುತ್ತದೆ. ಅದನ್ನು ರಟ್ಟಿನ ಮೇಲಿಟ್ಟು, ಸ್ವಲ್ಪ ಯೋಚಿಸಿ ಅಕ್ಕ ಹೇಳುತ್ತಾರೆ: "ಇನ್ನು ಮೂವತ್ತು ವರ್ಷ ಬಿಟ್ಟು ಯಾರಾದ್ರೂ ಆ ಮೂರನೇದನ್ನ ಬಿಚ್ತಾರೆ ಅಂದ್ಕೊಳ್ಳಿ. ಇನ್ನೂರ ಹನ್ನೆರಡನೇ ಸುತ್ತು ಅಂತ ಬರೆದಿದೀನಿ, ಓದಲಿ. ಓದಿ, ಬೆಳಕಿಗೆ ಹಿಡಿದು ಹುಡುಕ್ಲಿ. ಆಗಲೂ ನನ್ನ ಬೆಸುಗೆ ಅವರ ಕಣ್ಣಿಗೆ ಸುಲಭವಾಗಿ ಸಿಗಬಾರದು. ಅಷ್ಟೇ ಆಸೆ."