ಬಟ್ಟೆ ಹೊದ್ದ ಮಡಿಲು

ಇಂಗ್ಲೆಂಡಿನ ನಮ್ಮ ಹ್ಯಾಲಿಫ್ಯಾಕ್ಸಿನಲ್ಲಿ ಯಾರ ಮನೆಗೆ ಹೋದರೂ ಒಲೆಯ ಮೇಲಿನ ಹಲಗೆಯಲ್ಲಿ ಒಂದು ಕೂಸಿನ ಚಿತ್ರವಿರುತ್ತದೆ. ಬಿಳಿ ಅಂಗಿ, ಬೆದರಿದ ಕಣ್ಣು, ಹಿಂದೆ ಹೂವಿನ ಬಟ್ಟೆ ಹೊದಿಸಿದ ಕುರ್ಚಿ. ಆ ಕುರ್ಚಿಯನ್ನು ಗಮನವಿಟ್ಟು ನೋಡಿ. ಅದಕ್ಕೆ ಭುಜಗಳಿವೆ. ಅದು ಕೆಜಾಯಾ ಓಲ್ಡ್‌ರಾಯ್ಡ್.

ನಮ್ಮೂರಿನ ಗಿರಣಿಗಳ ಹೊಗೆಯಲ್ಲಿ ಬೆಳಕು ಕಡಿಮೆ. ಕ್ಯಾಮೆರಾದ ಮುಚ್ಚಳ ತೆಗೆದು ನಿಧಾನವಾಗಿ ಹತ್ತರವರೆಗೆ ಎಣಿಸಬೇಕು. ಅಷ್ಟು ಹೊತ್ತು ಕೂಸು ಅಲ್ಲಾಡಬಾರದು. ಬೇರೆ ಫೋಟೊ ಅಂಗಡಿಗಳಲ್ಲಿ, ಚಿತ್ರದಲ್ಲಿ ಕೂಸೊಂದೇ ಕಾಣಲೆಂದು, ತಾಯಿಗೇ ಬಟ್ಟೆ ಹೊದಿಸಿ, ಮಡಿಲಲ್ಲಿ ಮಗುವನ್ನಿಡುತ್ತಾರೆ. ನಮ್ಮಲ್ಲಿಗೆ ಬರುವ ತಾಯಂದಿರು ಬಟ್ಟೆಯೊಳಗೆ ಮಗುವಿಗಿಂತ ಹೆಚ್ಚು ಚಡಪಡಿಸುತ್ತಿದ್ದರು. ಅದಕ್ಕೇ ಯಜಮಾನ ಥ್ರೆಲ್‌ಫಾಲ್ ಕೆಜಾಯಾಳನ್ನು ಕೂಲಿಗಿಟ್ಟುಕೊಂಡ. ಬಟ್ಟೆಯೊಳಗೆ ಅವಳು ಎದೆಯಾಳದಿಂದ ಗುಂಯ್ ಎಂದು ಗುನುಗುತ್ತ, ಆ ಲಯಕ್ಕೆ ತಲೆದೂಗುತ್ತಿದ್ದಳು. ಎಂಥ ರಚ್ಚೆ ಹಿಡಿದ ಕೂಸೂ ಕಲ್ಲಾಗುತ್ತಿತ್ತು. ತಲೆದೂಗಿದ್ದು ಯಾರಿಗೂ ಕಾಣುತ್ತಿರಲಿಲ್ಲ.

ನಾನು ಅಲ್ಲಿ ಕಲಾವಿದ. ಹಾಗಂತ ಬೋರ್ಡಿನಲ್ಲಿ ಬರೆದಿದೆ. ಚಿತ್ರದಲ್ಲಿನ ಕೂಸುಗಳ ಕೆನ್ನೆಗೆ ಗುಲಾಬಿ ಬಣ್ಣ ಹಚ್ಚುವುದು ನನ್ನ ಕಲೆ. ನನ್ನ ಕೈಗೆ ಸಿಕ್ಕವೆಲ್ಲ ಈಗಷ್ಟೇ ಕಪಾಳಕ್ಕೆ ಏಟು ತಿಂದು ಬಂದಂತೆ ಕಾಣುತ್ತವೆ.

ಒಂದು ವರ್ಷ ಕೆಜಾಯಾಳಿಗೆ ಕೆಮ್ಮು ಅಂಟಿತು. ಕರವಸ್ತ್ರದಲ್ಲಿ ರಕ್ತ ಕಂಡ ಮೇಲೆ ಅದು ಯಾವ ಕೆಮ್ಮೆಂದು ನಮ್ಮ ಬೀದಿಯಲ್ಲಿ ಯಾರೂ ವೈದ್ಯರನ್ನು ಕೇಳುವುದಿಲ್ಲ. ಗಂಡ ಬಣ್ಣದ ಗಿರಣಿಯಲ್ಲಿ ಸತ್ತಿದ್ದ. ಉಳಿದದ್ದು ಟ್ರೈಫೀನಾ, ಇನ್ನೂ ಎರಡು ತುಂಬದ ಮಗಳು. ಗಂಡನ ಅಕ್ಕ ಆಗಸ್ಟಾ ದೂರದ ಆಫ್ರಿಕಾದ ನಟಾಲಿಗೆ ಹಡಗು ಹತ್ತುವವಳಿದ್ದಳು. ಹುಡುಗಿಯನ್ನು ಕರೆದೊಯ್ದು ತನ್ನ ಮಗಳಂತೆಯೇ ಸಾಕುತ್ತೇನೆ ಎಂದಳು. ಕೆಜಾಯಾ ಒಪ್ಪಿದಳು. ಕೇಳಿಕೊಂಡದ್ದು ಒಂದನ್ನೇ, ಅದೂ ನಮ್ಮ ಯಜಮಾನನನ್ನು.

"ಮಗಳ ಜೊತೆ ಕಳ್ಸಕ್ಕೆ ಒಂದು ಚಿತ್ರ ತೆಗೀರಿ ಸಾಹೇಬ್ರೇ. ಬಟ್ಟೆ ಬೇಡ. ನಾನು, ನನ್ ಮಗಳು. ನನ್ ಮುಖ ಕಾಣ್ಬೇಕು."

"ನೀನೊಬ್ಳೇ ಕೂತ್ಕೋ, ಸಲೀಸು," ಎಂದ ಥ್ರೆಲ್‌ಫಾಲ್.

"ಒಬ್ಳೇ ಕೂತ್ರೆ, ನಾಳೆ ಮಗಳು ಕೇಳ್ದಾಗ ನಮ್ ಅತ್ತಿಗೆ ಅದನ್ನ ಯಾರೋ ಬಟ್ಟೆ ಒಗೆಯೋಳು ಅಂತಾಳೆ. ಮಗು ನನ್ ಮಡಿಲಲ್ಲೇ ಇದ್ರೆ ಅಮ್ಮ ಅಲ್ಲ ಅನ್ನಕ್ಕಾಗತ್ತಾ?"

ನಮ್ಮದು ಅಗ್ಗದ ಅಂಗಡಿ. ಗಾಜಿನ ಮೇಲೇ ಚಿತ್ರ, ಒಂದಕ್ಕೆ ಒಂದೇ, ನಕಲು ಬರುವುದಿಲ್ಲ. ಆಗಸ್ಟಾ ಹೊರಡುವ ಮುನ್ನಾದಿನ ಮಧ್ಯಾಹ್ನ ಕೆಜಾಯಾ ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು, ಹುಡುಗಿಯನ್ನೆತ್ತಿಕೊಂಡು, ಗಾಜಿನ ಮಾಡಿನ ಕೆಳಗೆ ಬಂದು ಕೂತಳು. ಇಷ್ಟು ವರ್ಷ ಜೊತೆಗಿದ್ದರೂ ಆ ಕುರ್ಚಿಯ ಮೇಲೆ ಅವಳ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

"ಏನೋ ಜೇಬೆಜ್, ಹಂಗ್ ನೋಡ್ತೀಯ? ಕುರ್ಚಿಗೆ ಮೂಗು ಬಂತು ಅಂತನಾ?" ಎಂದಳು.

ಥ್ರೆಲ್‌ಫಾಲ್ ಮುಚ್ಚಳ ತೆಗೆದ. ಟ್ರೈಫೀನಾ ಕೊಸರಾಡಿದಳು. ಕೆಜಾಯಾ ಗುನುಗಿದಳು, ಮಗು ಕಲ್ಲಾಯಿತು. ಗಾಜು ತೊಳೆದು ನೋಡಿದರೆ ಮಗುವಿನ ರೆಪ್ಪೆಯೂ ಸ್ಪಷ್ಟ. ಮೇಲೆ, ತಾಯಿಯ ಕೊರಳಿನ ಮೇಲೆ, ಬರೀ ಹೊಗೆ.

"ತಲೆ ಆಡಿಸಿದ್ಯಲ್ಲೇ!" ಎಂದ ಥ್ರೆಲ್‌ಫಾಲ್.

"ನಾನಾ? ಇಲ್ಲಪ್ಪ!" ಅವಳಿಗೆ ಗೊತ್ತೇ ಇರಲಿಲ್ಲ.

ಎರಡನೆಯ ಸಲ ಅವಳ ಕತ್ತಿನ ಹಿಂದೆ ಕಬ್ಬಿಣದ ಚಿಮಟ ಹಾಕಿ ತಲೆಯನ್ನು ಬಿಗಿದೆವು. ತಲೆ ಆಡದಿದ್ದರೆ ಗುನುಗೂ ಅವಳಿಗೆ ಬರಲಿಲ್ಲ. ಮಗು ಕಿರುಚಿ ಒದ್ದಾಡಿತು. ಈ ಗಾಜಿನಲ್ಲಿ ತಾಯಿ ಕಡೆದಿಟ್ಟಂತೆ ಬಂದಳು, ಮಡಿಲಲ್ಲಿ ಎರಡು ತಲೆಯ ಮಂಜು. ಅಷ್ಟರಲ್ಲಿ ಬೆಳಕು ಹೋಯಿತು.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಆಗಸ್ಟಾ ಮಗುವನ್ನು ಕರೆದೊಯ್ಯಲು ಬಂದಾಗ ಎರಡೂ ಗಾಜು ಮೇಜಿನ ಮೇಲಿದ್ದವು. ಕೆಜಾಯಾ ಎರಡನೆಯದನ್ನು ಮುಂದೆ ತಳ್ಳಿದಳು. "ಇದ್ನೂ ತಗೊಂಡ್ಹೋಗಿ ಅತ್ತಿಗೆ. ಇದ್ರಲ್ಲಿ ನಾನು ಚೆನ್ನಾಗಿ ಬಂದಿದೀನಿ."

"ನೀನು ಬಂದಿದೀಯ, ಮಗು ಎಲ್ಲಿ?" ಆಗಸ್ಟಾ ಕೈ ಹಿಂದೆಳೆದುಕೊಂಡಳು. "ಮುಖ ಇಲ್ದಿರೋ ಮಗು ಚಿತ್ರ ಹಡಗಿಗೆ ಹತ್ತಿಸ್ತಾರೇನೇ? ದಾರೀಲೇ ನೀರುಪಾಲಾಗ್ಲಿ ಅಂತನಾ?"

ಅದು ನೆಪ ಎಂದು ನನಗನ್ನಿಸಿತು. ಆದರೆ ಕೆಜಾಯಾಳ ಮುಖ ಬಿಳಿಚಿಕೊಂಡಿತು. ತಾನೇ ಆ ಗಾಜನ್ನು ಸರಕ್ಕನೆ ಎಳೆದುಕೊಂಡು ಶಾಲಿನೊಳಗೆ ಮುಚ್ಚಿಟ್ಟಳು. ಆಮೇಲೆ ನನ್ನತ್ತ ತಿರುಗಿದಳು.

"ಜೇಬೆಜ್, ಆ ಮೊದಲ್ನೇ ಗಾಜಿನ ಹೊಗೆ ಮೇಲೆ ಏನಾದ್ರೂ ಬರಿಯೋ. ಕಣ್ಣು ಬರಿ. ಬಾಯಿ ಬರಿ."

"ನನಗೆ ಕೆನ್ನೆ ಬಿಟ್ರೆ ಏನೂ ಬರಲ್ಲ ಕೆಜಾಯಾ."

"ಕೆನ್ನೆಯಿಂದಾನೇ ಶುರು ಮಾಡು ಮಾರಾಯ. ಆಮೇಲೆ ಮಿಕ್ಕಿದ್ದು."

ಅವಳು ಎದುರಿಗೇ ಕೂತಳು. ನಾನು ನೋಡಿ ನೋಡಿ ಬರೆದೆ. ಅವಳ ಮೂಗು ಸ್ವಲ್ಪ ಸೊಟ್ಟ, ಎಡಗಣ್ಣಿನ ಕೆಳಗೊಂದು ಕಲೆ, ಕೆನ್ನೆ ಗುಳಿಬಿದ್ದದ್ದು. ಎಲ್ಲ ಕಣ್ಣಿಗೆ ಬಿತ್ತು, ಕುಂಚಕ್ಕೆ ಯಾವುದೂ ಬರಲಿಲ್ಲ. ಕೊನೆಗೆ ಮೂಡಿದ್ದು ಸೋಪಿನ ಕಾಗದದ ಮೇಲಿರುವಂಥ ಹೆಂಗಸು: ದುಂಡು ಕೆನ್ನೆ, ಪುಟ್ಟ ತುಟಿ, ಜನ್ಮದಲ್ಲಿ ಒಮ್ಮೆಯೂ ಕೆಮ್ಮದವಳು. ಇದುವರೆಗಿನ ನನ್ನ ಕೆಲಸದಲ್ಲಿ ಇದೇ ಚೆನ್ನಾಗಿದೆ ಎಂದು ಥ್ರೆಲ್‌ಫಾಲ್ ಬೆನ್ನು ತಟ್ಟಿದ.

"ಈಗ ನೋಡು, ಮರ್ಯಾದಸ್ಥರ ಮನೆಯೋಳ ಥರ ಕಾಣ್ತೀಯ," ಎಂದಳು ಆಗಸ್ಟಾ. ಅವಳು ವ್ಯಂಗ್ಯವಾಡಲಿಲ್ಲ; ನಿಜಕ್ಕೂ ಇಷ್ಟವಾಗಿತ್ತು.

ಕೆಜಾಯಾ ಬಹಳ ಹೊತ್ತು ನೋಡಿದಳು. "ಯಾರೋ ಇವಳು? ಚೆಂದಾಗಿದಾಳೆ," ಎಂದಳು.

ನಾನು ಒರೆಸಿಬಿಡುತ್ತೇನೆಂದೆ. ಬೇಡವೆಂದಳು. ಮಗಳು ಹೊಗೆಗೆ ಅಮ್ಮಾ ಅನ್ನುವುದಕ್ಕಿಂತ ಇದು ವಾಸಿಯಂತೆ.

ಆಮೇಲೆ ಮಗಳನ್ನು ಮಡಿಲಿಗೆಳೆದುಕೊಂಡು ಗಾಜನ್ನು ಮುಂದೆ ಹಿಡಿದಳು. ಬಣ್ಣದ ಹೆಂಗಸಿನತ್ತ ಬೆರಳು ತೋರಿಸಿ, "ಅಮ್ಮ," ಎಂದಳು. ಟ್ರೈಫೀನಾ ಗಾಜು ನೋಡಿದಳು, ಕತ್ತೆತ್ತಿ ತಾಯಿಯ ಮುಖ ನೋಡಿದಳು, ತಾಯಿಯ ಮೂಗು ಹಿಡಿದು ನಕ್ಕು, "ಅಮ್ಮ," ಎಂದಳು.

"ಅಲ್ಲ ಕಂದ. ಇಲ್ಲಿ. ಇದು."

ಮಗು ಮತ್ತೆ ಅವಳ ಮೂಗನ್ನೇ ಹಿಡಿಯಿತು.

ಆಗಸ್ಟಾ ಬಾಗಿಲಲ್ಲಿ ನಿಂತು, "ಹೊತ್ತಾಯ್ತು ಕಣೇ," ಎಂದಳು. ಕೆಜಾಯಾ ಕೈಚಾಚಿ ಕುರ್ಚಿಯ ಬೆನ್ನಿನಿಂದ ಆ ಹೂವಿನ ಬಟ್ಟೆಯನ್ನು ಎಳೆದುಕೊಂಡು, ತಲೆಯ ಮೇಲಿಂದ ಹೊದ್ದು ಮುಖ ಮುಚ್ಚಿಕೊಂಡಳು. ಒಳಗಿನಿಂದ ಗುನುಗು ಶುರುವಾಯಿತು. ಮಗು ಸುಮ್ಮನಾಯಿತು. ಬಟ್ಟೆಯಂಚಿನಿಂದ ಹೊರಬಂದ ಕೈ ಗಾಜಿನ ಮೇಲೆ ಬೆರಳಿಟ್ಟಿತು.

"ಯಾರಿದು?" ಎಂದಿತು ಬಟ್ಟೆ.

ಟ್ರೈಫೀನಾ ಬಟ್ಟೆಯ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಗಾಜಿನತ್ತ ಬಗ್ಗಿ, ನಾನು ಬರೆದ ಮುಖದ ಮೇಲೆ ಪುಟ್ಟ ಅಂಗೈ ಇಟ್ಟಳು.

"ಅಮ್ಮ," ಎಂದಳು.